ಅವ್ವನನ್ನೂ ಮನೆಗೆ ಕರೆದ ದೊಡ್ಡವ್ವ

ಬೆಳಗಿನ ಐದು ಗಂಟೆ. ಮೋಟೆಬೆನ್ನೂರಿನ ಎರಡು ಖೋಲಿಯ ಮನೆಯಲ್ಲಿ ಗುತ್ತೆವ್ವ ರೊಟ್ಟಿ ಬಡಿಯುತ್ತಿದ್ದಾರೆ. ಹನ್ನೊಂದು ದಿನದ ಹಿಂದೆ ಈ ಮನೆಗೆ ಬಂದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಾಗಿಲಿಗೆ ಒರಗಿ ನಿಂತಿದ್ದಾಳೆ. ಗುತ್ತೆವ್ವ ಅವಳನ್ನು ಕರೆಯುವುದಿಲ್ಲ. ಅಂಗೈಯಗಲದ ಒಂದು ರೊಟ್ಟಿ ಬೇಯಿಸಿ, ಬೆಣ್ಣೆ ಸವರಿ, ತಟ್ಟೆಯಲ್ಲಿ ಹಾಕಿ ಸ್ವಲ್ಪ ದೂರದಲ್ಲಿಡುತ್ತಾರೆ. ತುಸು ಹೊತ್ತಿಗೆ ಹುಡುಗಿ ಬಂದು ಅಲ್ಲೇ ಕೂತು ತಿನ್ನತೊಡಗುತ್ತಾಳೆ.

"ನಿನ್ನೆ ತನಕ ತಾಟು ತಗೊಂಡು ಬಾಗಲಕ್ಕ ಹೋಗ್ತಿದ್ಲು. ಇವತ್ತ ಇಲ್ಲೇ ಕುಂತಾಳ ನೋಡ್ರಿ," ಎಂದು ಗುತ್ತೆವ್ವ ನನಗಷ್ಟೇ ಕೇಳುವಂತೆ ಹೇಳುತ್ತಾರೆ.

ಐವತ್ತೊಂದು ವರ್ಷದ ಗುತ್ತೆವ್ವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುತ್ತಾರೆ. ಸುಗ್ಗಿಯ ದಿನಗಳಲ್ಲಿ ದಿನಕ್ಕೆ ನೂರು ಚೀಲ ದಾಟುತ್ತದೆ. ಗಂಡ ಹೊಳಿಯಪ್ಪ ಅಲ್ಲಿನ ಮಾರುಕಟ್ಟೆಯಲ್ಲಿ ಹಮಾಲಿ. ಆರು ವರ್ಷಗಳಲ್ಲಿ ಇವರ ಮನೆಯಲ್ಲಿ ಐದು ಮಕ್ಕಳು ಆಸರೆ ಪಡೆದಿದ್ದಾರೆ. ನಾಲ್ವರು ತಮ್ಮ ತಮ್ಮ ಮನೆ ಸೇರಿದ್ದಾರೆ. ಐದನೆಯವಳು ಈ ಹುಡುಗಿ.

ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಬಾಲಮಂದಿರದಲ್ಲೇ ಇಡುವ ಬದಲು ಒಂದು ಕುಟುಂಬದಲ್ಲಿ ಕೆಲಕಾಲ ಬೆಳೆಸುವ ವ್ಯವಸ್ಥೆ ಇದು. ದತ್ತು ಅಲ್ಲ. ಹೆತ್ತವರು ಸುಧಾರಿಸಿಕೊಂಡರೆ ಮಗುವನ್ನು ಮರಳಿಸಬೇಕು. ಆದೇಶ ಕೊಡುವುದು ಹಾವೇರಿಯ ಮಕ್ಕಳ ಕಲ್ಯಾಣ ಸಮಿತಿ. ಮನೆ ಹುಡುಕಿ, ತರಬೇತಿ ಕೊಟ್ಟು, ತಿಂಗಳಿಗೊಮ್ಮೆ ಬಂದು ನೋಡುವುದು ರಾಣೆಬೆನ್ನೂರಿನ ಒಂದು ಸ್ವಯಂಸೇವಾ ಸಂಸ್ಥೆ.

ಆ ಸಂಸ್ಥೆಯ ಕಾರ್ಯಕರ್ತೆ ಪುಷ್ಪಲತಾ ಆರು ವರ್ಷದ ಹಿಂದೆ ಮಾರುಕಟ್ಟೆಗೆ ಬಂದು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರಿಗೆ ಇದನ್ನೆಲ್ಲ ವಿವರಿಸಿದ್ದರು. ಬೇರೆಯವರ ಮಕ್ಕಳನ್ನು ಸಾಕಿ ಮತ್ತೆ ಕೊಡುವುದೆಂದರೆ ಏನು ಎಂದು ಹೆಂಗಸರು ನಕ್ಕರು. ಆಗ ಅವರ ಜೊತೆಗೇ ತೊಟ್ಟು ಬಿಡಿಸುತ್ತಿದ್ದ ಗುತ್ತೆವ್ವ ಮಾತ್ರ ಒಂದು ಪ್ರಶ್ನೆ ಕೇಳಿದರು: "ವಾಪಸ್ ಕೊಡುವಾಗ ಅಳಬಾರದು ಅಂತ ಏನಾರ ಕಾಯ್ದೆ ಐತೇನ್ರಿ?" ಅಂಥ ಕಾಯ್ದೆ ಇಲ್ಲ ಎಂದರು ಪುಷ್ಪಲತಾ. "ಹಂಗಾರ ನಮ್ಮ ಹೆಸರು ಬರ್ಕೊಳ್ರಿ."

ಪುಷ್ಪಲತಾ ಮನೆ ನೋಡಲು ಬಂದಾಗ ತೊಡಕು ಎದುರಾಯಿತು. ದಿನವಿಡೀ ತೊಟ್ಟು ಬಿಡಿಸುವ ಕೈ ಎಷ್ಟು ತೊಳೆದರೂ ಉರಿಯುತ್ತದೆ. ಆ ಕೈಯಲ್ಲಿ ಮಗುವಿನ ಮುಖ ತೊಳೆಸುವುದು ಹೇಗೆ? ವಿಷಯ ಗೋದಾಮಿನ ಮಾಲೀಕ ಇಸಾಕಸಾಬರ ಕಿವಿಗೆ ಬಿತ್ತು. ಮರುದಿನವೇ ಅವರು ಗುತ್ತೆವ್ವನ ಕೈಗೆ ದಬ್ಬಣ ಕೊಟ್ಟು ಚೀಲ ಹೊಲಿಯುವ ಕೆಲಸಕ್ಕೆ ಹಾಕಿದರು. "ನಾನೇನ್ ದೊಡ್ಡದು ಮಾಡೇನ್ರಿ? ಕುಂದ್ರೂ ಜಾಗಾ ಬದ್ಲಿ ಮಾಡೇನಿ, ಅಷ್ಟ," ಎನ್ನುತ್ತಾರೆ ಇಸಾಕಸಾಬ.

ಗುತ್ತೆವ್ವನ ಕಥೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ನಾಲ್ಕನೆಯ ಮಗುವಿನ ಸಂಗತಿ. ಆಕೆಯನ್ನು ರೋಹಿಣಿ ಎನ್ನೋಣ, ತಾಯಿಯನ್ನು ಶೀಲಾ. ಕಾಯ್ದೆಯಂತೆ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.

ಗಂಡ ಅಪಘಾತದಲ್ಲಿ ತೀರಿಕೊಂಡ ಮೇಲೆ ಶೀಲಾಳ ಮನಸ್ಸು ಕದಡಿತ್ತು. ಒಂದು ದಿನ ಏಳು ವರ್ಷದ ಮಗಳನ್ನು ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕೂರಿಸಿ, "ಚಪ್ಪಲಿ ಬಿಚ್ಚಬ್ಯಾಡ, ಈಗ ಬರ್ತೇನಿ" ಎಂದು ಹೇಳಿ ಯಾವುದೋ ಬಸ್ ಹತ್ತಿದಳು. ಹುಡುಗಿ ಸಂಜೆಯವರೆಗೆ ಕೂತೇ ಇದ್ದಳು. ಪೊಲೀಸರು ಅವಳನ್ನು ಸಮಿತಿಯ ಮುಂದೆ ಕರೆತಂದರು. ಮುಂದೆ ಶೀಲಾ ಪತ್ತೆಯಾಗಿ ಧಾರವಾಡದ ಆಸ್ಪತ್ರೆ ಸೇರಿದಳು. ರೋಹಿಣಿ ಮೋಟೆಬೆನ್ನೂರಿಗೆ ಬಂದಳು.

"ಮಲಗುವಾಗೂ ಚಪ್ಪಲಿ ಬಿಚ್ಚತಿರಲಿಲ್ರಿ. ನಾನೂ ಬಿಚ್ಚು ಅನ್ನಲಿಲ್ಲ. ದಿನಾ ಸಂಜಿ ತೊಳದು, ಒರಸಿ, ಮತ್ತ ಕಾಲಿಗೆ ಹಾಕತಿದ್ದೆ. ಎರಡು ತಿಂಗಳ ಮ್ಯಾಲ ಒಂದಿನ ತಾನ ಬಿಚ್ಚಿ ಮೂಲ್ಯಾಗ ಇಟ್ಲು." ಒಮ್ಮೆ ರೋಹಿಣಿ ಅವರನ್ನು 'ಅವ್ವ' ಎಂದಳಂತೆ. "ನಾ ದೊಡ್ಡವ್ವ ಅಂದೆ. ಅವ್ವನ ಜಾಗಾ ಆಕಿ ಅವ್ವಂದು. ಅದನ್ನ ನಾ ತಗೊಂಡ್ರ, ಆಕಿ ಬಂದಾಗ ಎಲ್ಲಿ ಕುಂದರಬೇಕ್ರಿ?"

ಹದಿನಾಲ್ಕು ತಿಂಗಳ ನಂತರ ಶೀಲಾ ಗುಣವಾಗಿ ಬಂದಳು. ಹಾವೇರಿಯ ಸಮಿತಿಯ ಕೋಣೆಯಲ್ಲಿ ತಾಯಿ ಮಗಳ ಭೇಟಿ. ರೋಹಿಣಿ ಗುತ್ತೆವ್ವನ ಸೆರಗು ಹಿಡಿದು ಹಿಂದೆ ಅಡಗಿದಳು. ಶೀಲಾ ಕ್ಷಣಹೊತ್ತು ನೋಡಿ, "ಆಕಿ ಅಲ್ಲೇ ಇರ್ಲಿ ಬಿಡ್ರಿ" ಎಂದು ಬಾಗಿಲ ಕಡೆ ನಡೆದಳು. ಗುತ್ತೆವ್ವ ಅವಳ ಕೈ ಹಿಡಿದು ನಿಲ್ಲಿಸಿದರು. ಸಮಿತಿಯವರತ್ತ ತಿರುಗಿ, "ಮಗಳನ್ನ ಆಕಿ ಕೂಡ ಕಳಸಬ್ಯಾಡ್ರಿ. ಆಕಿನ್ನ ನಮ್ಮ ಮನಿಗೆ ಕಳಸ್ರಿ. ಕೂಡಿ ಇದ್ದು ಹೊಂದ್ಕೊಳ್ಳಲಿ," ಎಂದರು.

ಹಾಗೆ ಯಾರೂ ಹಿಂದೆ ಕೇಳಿರಲಿಲ್ಲ. ಸಮಿತಿ ಎರಡು ಸಲ ಸಭೆ ಸೇರಿ ಒಪ್ಪಿತು. ಪುಷ್ಪಲತಾ ವಾರಕ್ಕೆರಡು ಸಲ ಮನೆಗೆ ಬಂದು ವರದಿ ಬರೆದರು. ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಯಿಂದ ಶೀಲಾಳಿಗೆ ತಪ್ಪದೆ ಮಾತ್ರೆ ಸಿಕ್ಕಿತು. ಇಸಾಕಸಾಬ ಅವಳಿಗೂ ಒಂದು ದಬ್ಬಣ ಕೊಟ್ಟರು. ಹೊಳಿಯಪ್ಪ ತಮ್ಮ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಹಾಕಿಕೊಂಡರು.

"ಭಾಳ ತ್ರಾಸಾತ್ರಿ," ಎಂದು ಗುತ್ತೆವ್ವ ಒಪ್ಪಿಕೊಳ್ಳುತ್ತಾರೆ. "ಜಡಿ ಹಾಕಾಕ ಕೈ ತಾನ ಮುಂದ ಹೋಗೂದು. ಹಿಂದ ತಗೋತಿದ್ದೆ. ಶೀಲಾಗ ಹಣಿಗಿ ಕೊಟ್ಟು ನೀರಿಗೆ ಹೋಗಿಬಿಡತಿದ್ದೆ."

ಶೀಲಾ ಮನೆಗೆ ಬಂದ ಹತ್ತೊಂಬತ್ತನೆಯ ದಿನ ರೋಹಿಣಿಗೆ ಜ್ವರ ಏರಿತು. ಆಸ್ಪತ್ರೆಯ ಮಂಚದಲ್ಲಿ ಕಣ್ಣುಮುಚ್ಚಿಕೊಂಡೇ ಆಕೆ "ಅವ್ವಾ" ಎಂದಳು. ಮಂಚದ ಬಳಿ ಇಬ್ಬರೂ ಇದ್ದರು. ಗುತ್ತೆವ್ವ ಎದ್ದು ಹೊರಗೆ ನಡೆದರು. "ಕಿಟಕಿಂದ ನೋಡಿದೆ. ಶೀಲಾ ಹಣಿ ಮ್ಯಾಲ ಕೈ ಇಟ್ಟಿದ್ಲು. ಕೂಸು ಆ ಕೈನ ಎರಡೂ ಕೈಲೆ ಹಿಡ್ಕೊಂಡಿತ್ತು." ಇಷ್ಟು ಹೇಳಿ ಅವರು ಒಲೆಯ ಬೆಂಕಿ ಸರಿಮಾಡಲು ಬಾಗುತ್ತಾರೆ.

ಮೂವತ್ತನಾಲ್ಕು ದಿನಗಳ ನಂತರ ತಾಯಿ ಮಗಳು ಒಟ್ಟಿಗೆ ಹೊರಟರು. ಈಗ ಅಗಡಿಯಲ್ಲಿ ಶೀಲಾಳ ಅಣ್ಣನ ಮನೆಯ ಪಕ್ಕದಲ್ಲೇ ಇದ್ದಾರೆ. ರೋಹಿಣಿ ನಾಲ್ಕನೆಯ ತರಗತಿ. ಗುತ್ತೆವ್ವ ಹಾಕಿಕೊಟ್ಟ ಈ ದಾರಿಯಲ್ಲೇ ಸಮಿತಿ ಮತ್ತೆರಡು ಕುಟುಂಬಗಳನ್ನು ಕೂಡಿಸಿದೆ ಎಂದು ಪುಷ್ಪಲತಾ ಹೇಳುತ್ತಾರೆ. "ನಾವು ತರಬೇತಿ ಕೊಡಾಕ ಹೋಗಿದ್ವಿ. ಕಲ್ತು ಬಂದ್ವಿ."

ಶಾಲೆಯ ಹೊತ್ತಾಗಿದೆ. ಬಂದ ಹನ್ನೊಂದು ದಿನಗಳಲ್ಲಿ ಹುಡುಗಿ ಇಂದು ಮೊದಲ ಸಲ ಚೀಲವನ್ನು ತಾನೇ ಹೆಗಲಿಗೇರಿಸಿದ್ದಾಳೆ. ಹೊಳಿಯಪ್ಪ ಅವಳನ್ನು ಬಿಡಲು ಹೊರಟಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದೆ. ಗುತ್ತೆವ್ವ ಮನೆಯ ಹಿಂದಿನ ಖಾಲಿ ಜಾಗದತ್ತ ನೋಡುತ್ತಾರೆ.

"ಅಲ್ಲೊಂದು ಖೋಲಿ ಆಗಬೇಕ್ರಿ. ಮಕ್ಕಳಿಗೆ ಅಲ್ಲ, ಮಕ್ಕಳು ನನ್ನ ಮಗ್ಗಲದಾಗ ಮಲಗತಾವು. ಅವರವ್ವಗಳು ಬಂದ್ರ ಇರಾಕ ಜಾಗಾ ಬೇಕಲ್ರಿ."