ನೀರಿಗಿಳಿಯುವವರ ಪಟ್ಟಿ

ಪಟ್ಟಿಯಲ್ಲಿದ್ದದ್ದು ನಾಲ್ಕೇ ಹೆಸರು. ಭಾವನ ಹೆಸರಿನ ಮುಂದೆ ‘ನೀರಿಗೆ’ ಎಂದಿತ್ತು. ನನ್ನ ಗಂಡನ ಮುಂದೆಯೂ ‘ನೀರಿಗೆ’. ಅಕ್ಕನ ಮುಂದೆ ‘ದೋಣಿಯಲ್ಲೇ’. ನನ್ನ ಮುಂದೆಯೂ ‘ದೋಣಿಯಲ್ಲೇ’. ತೋಟದ ಆಳುಗಳನ್ನು ಯಾವ ಕೆಲಸಕ್ಕೆ ಕಳಿಸಬೇಕೆಂದು ಬೆಳಗ್ಗೆ ಬರೆಯುತ್ತಾರಲ್ಲ, ಅದೇ ಪುಸ್ತಕದ ಹಾಳೆ ಹರಿದು ಭಾವ ಬರೆದಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಓದುತ್ತಿದ್ದಂತೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ, ಭಾವನ ಹೆಂಡತಿ. ಬಾಳ್ಳುಪೇಟೆಯಿಂದ ಒಳಗಿರುವ ಈ ಕಾಫಿ ತೋಟದ ಮನೆಯಲ್ಲಿ ಹದಿನೆಂಟು ವರ್ಷದಿಂದ ನಮ್ಮಿಬ್ಬರದೂ ಒಂದೇ ಅಡುಗೆಮನೆ. ಅಷ್ಟು ವರ್ಷದಲ್ಲಿ ನಾವು ಜಗಳವಾಡಿದ್ದಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಪಾತ್ರೆ ಕುಕ್ಕುತ್ತಿದ್ದರು, ನಾನು ಬಾಗಿಲು ದಡಾರನೆ ಹಾಕುತ್ತಿದ್ದೆ.

ಈ ಪ್ರವಾಸದ ಹುಚ್ಚು ಹತ್ತಿದ್ದು ಭಾವನಿಗೆ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ, ಅವರಿಬ್ಬರ ಮದುವೆಯಾಗಿ ಇಪ್ಪತ್ತೈದನೇ ವರ್ಷವೂ ಹೌದು. ಮೆಕ್ಸಿಕೋ ದೇಶದ ಕಡಲಲ್ಲಿ ಒಂದು ಬಂಡೆಯಂಥ ನಡುಗಡ್ಡೆ. ಅದರ ಸುತ್ತ ಕಡಲಸಿಂಹಗಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದವರ ಕಾಲು ಕಚ್ಚಿ ಆಟವಾಡುವ ಮರಿಗಳು. ವಿಡಿಯೋವನ್ನು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. “ನಾಯಿಮರಿ ಆಡ್ದಂಗೆ ಆಡ್ತವೆ ಮಾರಾಯ, ಮುಟ್ಟುದ್ರೂ ಏನೂ ಮಾಡಲ್ಲ!” ಇವರು ಮುಟ್ಟಿ ನೋಡಿದವರ ಹಾಗೆ.

ಈ ಭಾವನ ಈಜಿನ ಕಥೆ ನನಗೆ ಗೊತ್ತು. ಹೊರಡುವ ಮಾತಾದ ಹೊಸದರಲ್ಲೇ ತರಬೇತಿಗೆಂದು ನಾವೆಲ್ಲ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆವು. ಇಳಿದ ನಾಲ್ಕು ನಿಮಿಷಕ್ಕೆ ಭಾವ ನೀರು ಬಡಿಯುತ್ತಾ ಮೇಲೆ ಬಂದರು. ಈಜುಗನ್ನಡಕದೊಳಗೆ ನೀರು ನುಗ್ಗಿತಂತೆ. ನಾನು ಕುಂದೂರು ಕಡೆಯ ಹುಡುಗಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರಕೆರೆಯಲ್ಲಿ ಈಜು ಕಲಿತವಳು. ಕಲಿಸುವವನು ಸಾಕು ಮೇಲೆ ಬಾ ಎಂದು ಸನ್ನೆ ಮಾಡುವವರೆಗೂ ಕೆಳಗೇ ಇದ್ದೆ. ಹಳದಿ ಮೀನುಗಳ ಒಂದು ಹಿಂಡು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಕ್ಕದಲ್ಲೇ ಹಾದುಹೋಯಿತು. ಮದುವೆಯಾದ ಮೇಲೆ ಅಷ್ಟು ಹೊತ್ತು ಯಾರೂ ನನ್ನನ್ನು ಕೂಗಿ ಕರೆಯದೇ ಇದ್ದದ್ದು ಅದೇ ಮೊದಲು. ಅದೇ ಇನ್ನೊಮ್ಮೆ ಬೇಕಿತ್ತು. ಕಡಲಸಿಂಹ ಒಂದು ನೆಪ.

ಪಟ್ಟಿ ಹಿಡಿದುಕೊಂಡು ಜಗಲಿಗೆ ಹೋಗಿ ಕೇಳಿದೆ. ನನ್ನ ಗಂಡ ಅಲ್ಲೇ ಫೋನ್ ನೋಡುತ್ತಾ ಕೂತಿದ್ದರು. ಅಣ್ಣನೆದುರು ಅವರಿಗೆ ಬಾಯಿ ಇಲ್ಲ. ಭಾವ ತಲೆಯೆತ್ತದೆ ಹೇಳಿದರು: “ಅದು ನಿಮ್ಮಕ್ಕ ಹೇಳಿದ್ದಮ್ಮ. ಕ್ಯಾಲೆಂಡರ್ ನೋಡಿದ್ಲು. ಹೆಂಗಸ್ರ ವಿಷ್ಯ, ನೀವ್ನೀವೇ ಮಾತಾಡ್ಕಳಿ.”

ಆಗ ಅರ್ಥವಾಯಿತು. ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹೆಂಗಸರು ಅಡುಗೆಮನೆಗೆ ಹೋಗುವಂತಿಲ್ಲ, ದೇವರ ದೀಪ ಮುಟ್ಟುವಂತಿಲ್ಲ, ಕೆರೆಗೆ ಹೊಳೆಗೆ ಇಳಿಯುವಂತಿಲ್ಲ. ಅತ್ತೆ ತೀರಿಕೊಂಡರೂ ಅವರ ಕಟ್ಟಳೆ ತೀರಿಕೊಳ್ಳಲಿಲ್ಲ, ಅಕ್ಕ ಅದನ್ನು ಹಾಗೇ ಕಾಪಾಡಿಕೊಂಡು ಬಂದರು. ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನಲ್ಲಿ ನನ್ನ ದಿನಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದರು. ಹಬ್ಬ, ಹರಕೆ, ನೆಂಟರ ಊಟ, ಎಲ್ಲವೂ ಆ ಚುಕ್ಕೆ ನೋಡಿಯೇ ನಿಗದಿಯಾಗಬೇಕು. ನನ್ನ ಮೈಯ ಸಮಾಚಾರ ಹಾಲಿನವನ ಕಣ್ಣಿಗೂ ಬೀಳುವಂತೆ ಗೋಡೆಯ ಮೇಲಿತ್ತು. ಈಗ ಅದೇ ಚುಕ್ಕೆಗಳನ್ನು ಇಪ್ಪತ್ತೆಂಟು ಇಪ್ಪತ್ತೆಂಟಾಗಿ ಮುಂದಕ್ಕೆ ಎಣಿಸಿಕೊಂಡು ಹೋಗಿ, ಸರಿಯಾಗಿ ದೋಣಿಯ ಎರಡು ದಿನಗಳ ಮೇಲೆ ನನ್ನನ್ನು ಕೂರಿಸಿದ್ದರು.

ದೋಣಿ ಬುಕ್ ಮಾಡುವ ಟ್ರಾವೆಲ್ಸ್ ಹುಡುಗಿಗೆ ಭಾವನೆದುರೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. “ಪೀರಿಯಡ್ಸ್ ಇದ್ರೆ ಏನೂ ತೊಂದ್ರೆ ಇಲ್ಲ ಮೇಡಂ, ಎಲ್ರೂ ಇಳೀತಾರೆ,” ಎಂದಳು ಪುಣ್ಯಾತಗಿತ್ತಿ. ಭಾವನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಕೆಮ್ಮುತ್ತಲೇ ಜೀಪ್ ಹತ್ತಿದರು. “ಬಾಳ್ಳುಪೇಟೆಗೆ ಹೋಗಿ ಬತ್ತೀನಿ. ಬಂದ್ಮೇಲೆ ಆ ಹುಡುಗಿಗೆ ಪಟ್ಟಿ ಕಳಿಸ್ಬುಡ್ತೀನಿ. ಆಮೇಲೆ ಯಾರೂ ತಕರಾರು ತೆಗೀಬ್ಯಾಡಿ.” ಸಮುದ್ರಕ್ಕೆ ಇಲ್ಲದ ಮಡಿ ನಮ್ಮ ಮನೆಗಿತ್ತು.

ಆದರೆ ನಾನು ಬಾಯಿ ತೆರೆದು ಹೇಳಲಾರದ ಸಂಗತಿ ಬೇರೆಯೇ ಇತ್ತು. ಆ ಚುಕ್ಕೆಗಳು ಸುಳ್ಳು.

ಹಿಂದಿನ ಪಿತೃಪಕ್ಷದಲ್ಲಿ ಹಿರಿಯರ ಹಬ್ಬಕ್ಕೆ ನಲವತ್ತು ಜನರ ಅಡುಗೆ. ಬೆಳಗ್ಗೆ ಎದ್ದಾಗಲೇ ನನಗೆ ಒಲೆಯ ಮುಖ ನೋಡುವುದೇ ಬೇಡವೆನಿಸಿತ್ತು. “ಅಕ್ಕ, ನಾನು ಹೊರಗಾದೆ,” ಎಂದುಬಿಟ್ಟೆ. ಮೂರು ದಿನ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತೆ, ಊಟ ಬಾಗಿಲಿಗೇ ಬಂತು. ಆಮೇಲೆ ಆ ಸುಳ್ಳನ್ನು ನಿಭಾಯಿಸಲು ಪ್ರತಿ ತಿಂಗಳೂ ಅದೇ ಲೆಕ್ಕಕ್ಕೆ ಹೊರಗೆ ಕೂರಬೇಕಾಯಿತು. ನಿಜವಾದ ದಿನಗಳು ಹತ್ತು ದಿನ ತಡವಾಗಿ ಬರುತ್ತಿದ್ದವು. ಆಗ ಅಡುಗೆಯನ್ನೂ ಮಾಡಿದ್ದೆ, ದೇವರಿಗೆ ದೀಪವನ್ನೂ ಹಚ್ಚಿದ್ದೆ. ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಹೇಳಿದರೆ ಮನೆಯಲ್ಲಿ ಮರ್ಯಾದೆ ಹೋಗುತ್ತಿತ್ತು, ಹೇಳದಿದ್ದರೆ ಆ ನೀರು ಹೋಗುತ್ತಿತ್ತು.

ಅಕ್ಕ ಅಡುಗೆಮನೆಯಲ್ಲಿ ಕಡುಬಿಗೆ ಹಿಟ್ಟು ಉಂಡೆ ಕಟ್ಟುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ: “ಅಕ್ಕ, ಆ ಚುಕ್ಕೆ ಸರಿಯಿಲ್ಲ. ನಾನು ಸುಳ್ಳು ಹೇಳಿದ್ದೆ. ದೋಣಿಯ ದಿನಕ್ಕೆ ನಂಗೆ ಏನೂ ಇರಲ್ಲ.”

ಅವರು ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ನಂಗೊತ್ತು ಕಣೇ.”

“ಏನು ಗೊತ್ತು?”

“ಮನೆ ಹಿಂದೆ ಕಸ ಸುಡೋಳು ನಾನೇ ಅಲ್ವಾ? ಯಾವ ದಿನ ಏನು ಸುಡ್ತೀನಿ ಅಂತ ನಂಗೊತ್ತಾಗಲ್ವಾ? ಹಬ್ಬದ ದಿನ್ವೇ ಗೊತ್ತಾಯ್ತು.”

“ಗೊತ್ತಿದ್ದೂ ಚುಕ್ಕೆ ಇಟ್ರಾ?”

“ನೀನು ಹೇಳ್ದೆ, ನಾನಿಟ್ಟೆ.”

ಇಷ್ಟು ತಿಂಗಳೂ ಇವರು ನನ್ನನ್ನು ನನ್ನ ಸುಳ್ಳಿನಲ್ಲೇ ಕಟ್ಟಿಹಾಕಿ ಮಜಾ ನೋಡಿದ್ದಾರೆ ಎನಿಸಿ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. “ಹಂಗಾರೆ ಬೇಕಂತಲೇ ನನ್ನನ್ನ ದೋಣಿಗೆ ಹಾಕಿದ್ರಿ,” ಎಂದು ಕೂಗಿದೆ.

“ಹೂಂ, ಬೇಕಂತಲೇ.” ಈಗ ಅವರು ತಲೆಯೆತ್ತಿ ನನ್ನನ್ನು ನೋಡಿದರು. “ಈ ಮನೇಲಿ ಕೂರಕ್ಕೆ ಇದ್ದಿದ್ದು ಅದೊಂದೇ ದಾರಿ. ನಂಗೂ ಗೊತ್ತಿತ್ತು. ನಾನೂ ಸುಳ್ಳು ಹೇಳ್ಬೋದಿತ್ತು. ಇಬ್ರೂ ಹೊರಗೆ ಕೂತ್ರೆ ಒಲೆ ಹಚ್ಚೋರ್ಯಾರು? ಅವತ್ತು ನಲವತ್ತು ಜನಕ್ಕೆ ಒಬ್ಳೇ ಬೇಸ್ಬುಟ್ಟೆ, ನಿಂಗೂ ತಟ್ಟೆ ತಂದಿಟ್ಟೆ. ನಂಗೆ ಎರಡು ವರ್ಷದಿಂದ ಮುಟ್ಟೂ ನಿಂತೋಗೈತೆ. ಈಗ ತಿಂಗಳಿಗೊಂದಿನಾನೂ ಇಲ್ಲ.”

ಅಕ್ಕ ಮತ್ತೊಂದು ಉಂಡೆಗೆ ಹಿಟ್ಟು ತೆಗೆದುಕೊಂಡರು. ಅವರೇ ಮತ್ತೆ ಹೇಳಿದರು: “ಆ ದೋಣೀಲಿ ಅಡುಗೆಯೋನು ಇರ್ತಾನಂತೆ. ಫೋನ್ ಮಾಡಿ ಕೇಳ್ಕಂಡಿದೀನಿ. ನಂಗೆ ನಿನ್ನ ಸಿಂಹನೂ ಬ್ಯಾಡ, ಮೀನೂ ಬ್ಯಾಡ. ಯಾರಾದ್ರೂ ಬೇಯ್ಸಿದ್ದನ್ನ ಕೂತು ತಿನ್ಬೇಕು. ಪಕ್ಕದಲ್ಲಿ ನೀನೂ ಸುಮ್ನೆ ಕೂತಿರ್ಬೇಕು ಅನ್ನಿಸ್ತು. ಅದಕ್ಕೇ ಹಾಕ್ದೆ.”

ಜೀಪಿನ ಸದ್ದು ಕೇಳಿತು. ಭಾವ ನೇರವಾಗಿ ಅಡುಗೆಮನೆಯ ಬಾಗಿಲಿಗೇ ಬಂದರು. “ಏನಾಯ್ತು ನಿಮ್ಮ ಪಂಚಾಯ್ತಿ? ಕಳಿಸ್ಲಾ?”

ಅಕ್ಕ ಕೈಗಂಟಿದ ಹಿಟ್ಟನ್ನು ಬಟ್ಟಲಿನ ಅಂಚಿಗೆ ಒರೆಸಿದರು. “ಅವಳ್ನ ನೀರಿಗೆ ಇಳಿಯೋರಲ್ಲಿ ಬರ್ಕಳಿ. ಚುಕ್ಕೆ ಇಡೋವಾಗ ನಾನೇ ತಪ್ಪಿದ್ದೆ.”

“ನೀನಾ? ಇಪ್ಪತ್ತೈದು ವರ್ಷ ಆಯ್ತು, ಒಂದು ಕ್ಯಾಲೆಂಡರ್ ನೆಟ್ಟಗೆ ನೋಡಕ್ಕೆ ಬರಲ್ವಲ್ಲೇ! ಇಂಥೋಳ್ನ ಕಟ್ಕಂಡು ಮೆಕ್ಸಿಕೋಗೆ ಬೇರೆ ಹೋಗ್ಬೇಕು ನಾನು,” ಎಂದು ಭಾವ ನನ್ನೆದುರೇ, ಹಿಂದಿನಿಂದ ಬಂದ ನನ್ನ ಗಂಡನೆದುರೇ ರೇಗಿದರು. ಅಕ್ಕ ಕಡುಬಿನ ಪಾತ್ರೆಯ ಮುಚ್ಚಳ ತೆಗೆದು ಉಂಡೆಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದರು. ಭಾವ ಜೇಬಿನಿಂದ ಪೆನ್ನು ತೆಗೆದು, ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಗೋಡೆಗೆ ಒತ್ತಿಹಿಡಿದು ನನ್ನ ಹೆಸರಿನ ಮುಂದಿದ್ದ ‘ದೋಣಿಯಲ್ಲೇ’ ಹೊಡೆದುಹಾಕಿ ‘ನೀರಿಗೆ’ ಎಂದು ಬರೆದರು. ತಪ್ಪು ನನ್ನದು ಎಂದು ಹೇಳಲು ಅಷ್ಟು ಹೊತ್ತು ಸಾಕಿತ್ತು. ಅವರು ಬರೆದು ಮುಗಿಸುವವರೆಗೂ ನಾನು ಬಾಯಿ ಬಿಡಲಿಲ್ಲ.