ನನ್ನ ಕಾದಂಬರಿಯನ್ನು ಅವಳು ಓದಿದ್ದು

ಹೋದ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ನನ್ನ ಪ್ರಕಾಶಕರು ಫೋನ್ ಮಾಡಿದರು. ನನ್ನ ಮೂರನೆಯ ಕಾದಂಬರಿಯನ್ನು ಆಡಿಯೋ ಪುಸ್ತಕ ಮಾಡಲು ಒಂದು ಕಂಪನಿಯವರು ಕೇಳುತ್ತಿದ್ದಾರೆ ಎಂದರು. ನಾನು ಆಗ ಸಾಗರದ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಖುಷಿಯಲ್ಲಿ ಎಷ್ಟು ಆರಿಸಿದೆನೆಂದರೆ ಮನೆಯಲ್ಲಿ ನಾಲ್ಕು ದಿನ ಬದನೆಕಾಯಿಯದೇ ಪಲ್ಯ, ಬದನೆಕಾಯಿಯದೇ ಗೊಜ್ಜು.

ಕಾಲೇಜೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದವಳು ನಾನು. ಬರೆದದ್ದು ನಾಲ್ಕು ಕಾದಂಬರಿ. ನನ್ನ ಪುಸ್ತಕಗಳನ್ನು ನಾನೇ ಕಪಾಟಿನಲ್ಲಿ ಜೋಡಿಸಿ, ಕೊನೆಯ ಪುಟದ ತಾರೀಖಿನ ಚೀಟಿಯಲ್ಲಿ ಎಷ್ಟು ಮುದ್ರೆ ಬಿದ್ದಿದೆ ಎಂದು ಆಗಾಗ ಕದ್ದು ನೋಡುತ್ತಿದ್ದೆ. ಹೆಚ್ಚೇನೂ ಬೀಳುತ್ತಿರಲಿಲ್ಲ. ಹಾಗಾಗಿ ಆಡಿಯೋ ಪುಸ್ತಕ ಎಂದಾಗ ಮೊದಲು ಹೊಳೆದದ್ದು ಇದು: ನನ್ನ ಕಾದಂಬರಿಯನ್ನು ನಾನೇ ಓದಬೇಕು.

ಬಟ್ಟೆಗಳ ನಡುವೆ ಕೂತು ಓದಿದರೆ ಹೊರಗಿನ ಸದ್ದು ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಸೀರೆಯ ಬೀರು ತೆರೆದು, ಅದರೊಳಗೆ ತಲೆ ತೂರಿಸಿ, ಮೊಬೈಲ್ ಹಿಡಿದು ಎರಡು ಪುಟ ಓದಿ ಕಳಿಸಿದೆ. ಮೂರು ದಿನ ಬಿಟ್ಟು ಕಂಪನಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು.

"ಮೇಡಂ, ನಿಮ್ಮ ವಾಯ್ಸ್ ಚೆನ್ನಾಗಿದೆ. ಆದ್ರೆ ಸ್ವಲ್ಪ ಸರ್ಕ್ಯುಲರ್ ಓದಿದ ಹಾಗೆ ಕೇಳಿಸ್ತಿದೆ."

"ಇನ್ನೊಂದ್ಸಲ ಓದಿ ಕಳಿಸ್ಲಾ?"

"ಬೇಡ ಮೇಡಂ. ನಿಮ್ಮ ಮಲೆನಾಡಿನ ಮಾತು ಗೊತ್ತಿರೋರು ಬೇರೆ ಯಾರಾದ್ರೂ ಇದ್ರೆ ಹೇಳಿ, ಟೆಸ್ಟ್ ತಗೋತೀವಿ."

ನಾನು ತೀರ್ಥಹಳ್ಳಿಯಲ್ಲಿರುವ ಹಳೆಯ ಗೆಳತಿಯೊಬ್ಬಳ ನಂಬರು ಕೊಟ್ಟೆ. ಕೊಟ್ಟದ್ದು ದೊಡ್ಡ ಮನಸ್ಸಿನಿಂದ ಎಂದು ಆಗ ಮನೆಯಲ್ಲಿ ಹೇಳಿಕೊಂಡೆ. ಸತ್ಯ ಬೇರೆಯೇ ಇತ್ತು. ಅವಳನ್ನೂ ಬೇಡ ಎನ್ನುತ್ತಾರೆ, ಆಮೇಲೆ ನನ್ನ ಬಳಿಗೇ ಬರುತ್ತಾರೆ ಎಂದು ಒಳಗೊಳಗೇ ಎಣಿಸಿದ್ದೆ.

ಅವಳೂ ನಾನೂ ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದವರು. ನಮ್ಮ ರೂಮಿಗೆ ವಾರಪತ್ರಿಕೆ ಒಂದೇ ಪ್ರತಿ ಬರುತ್ತಿತ್ತು. ಅದರ ಧಾರಾವಾಹಿಯನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು, ನಾವೆಲ್ಲ ಮಂಚದ ಮೇಲೆ ಕಾಲು ಮಡಚಿ ಕೂತು ಕೇಳುತ್ತಿದ್ದೆವು. ಆಮೇಲೆ ಅವಳು ತೀರ್ಥಹಳ್ಳಿಯಲ್ಲಿ ಹೊಲಿಗೆ ತರಬೇತಿ ಶುರು ಮಾಡಿದಳು, ಈಗಲೂ ನಡೆಸುತ್ತಿದ್ದಾಳೆ. ಒಂದು ಸಾಲು ಕೂಡ ಬರೆದವಳಲ್ಲ. ಆದರೆ ನನ್ನ ಪ್ರತಿ ಕಾದಂಬರಿಯ ಹಸ್ತಪ್ರತಿಯನ್ನು ಮೊದಲು ಓದಿದವಳು ಅವಳೇ.

ಅವಳನ್ನು ಒಂದೇ ಸಲಕ್ಕೆ ಒಪ್ಪಿಕೊಂಡರು. ರೆಕಾರ್ಡಿಂಗ್ ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ. ಮೊದಲ ದಿನ ಮುಗಿಸಿ ಬಂದು ನನಗೆ ಫೋನ್ ಮಾಡಿದಳು.

"ಮಂಡಗದ್ದೆ ದಾಟೋವರೆಗೂ ಬಸ್ಸಲ್ಲಿ ತುಟಿ ಅಲ್ಲಾಡಿಸ್ತಾ ಪ್ರಾಕ್ಟೀಸ್ ಮಾಡ್ತಿದ್ದೆ ಕಣೆ. ಪಕ್ಕದಲ್ಲಿದ್ದ ಅಜ್ಜಿ ನಾನು ಜಪ ಮಾಡ್ತಿದೀನಿ ಅಂದ್ಕೊಂಡು ಕಾಲು ಆ ಕಡೆ ಸರಿಸಿ ಕೂತ್ಕೊಂಡ್ರು."

ನಾನು ನಕ್ಕೆ. ಆಗಿನ್ನೂ ನಗಲು ಆಗುತ್ತಿತ್ತು.

ನಿವೃತ್ತಿಯಾದ ಮೇಲೆ ನನಗೆ ಶಟಲ್ ಆಡುವ ಹುಚ್ಚು ಹಿಡಿದಿದೆ. ಬೆಳಿಗ್ಗೆ ಆರೂವರೆಗೆ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿ ಒಂದು ಗಂಟೆ ಆಡಿ ಬಂದು, ತಿಂಡಿ ತಿಂದು, ಹತ್ತರಿಂದ ಒಂದರವರೆಗೆ ಊಟದ ಮೇಜಿನ ಮೇಲೆ ಬರೆಯಲು ಕೂರುತ್ತೇನೆ. ಅಲ್ಲಿ ನನ್ನ ಜೊತೆ ಡಬಲ್ಸ್ ಆಡುವವರು ಒಬ್ಬ ದಂತವೈದ್ಯೆ. ಅವರಿಗೆ ನನ್ನ ಪುಸ್ತಕವನ್ನು ಸಹಿ ಹಾಕಿ ಕೊಟ್ಟು ಎರಡು ವರ್ಷವಾಗಿತ್ತು, ಓದಿದ ಸುದ್ದಿಯೇ ಇರಲಿಲ್ಲ. ಆಡಿಯೋ ಬಂದ ಎರಡನೇ ವಾರ ಅವರು ಸರ್ವಿಸ್ ಮಾಡುವುದನ್ನು ನಿಲ್ಲಿಸಿ ನನ್ನ ಹತ್ತಿರ ಬಂದರು.

"ಮೇಡಂ, ನಿಮ್ಮ ಕಾದಂಬರಿ ಕೇಳಿ ಮುಗಿಸ್ದೆ! ಅಬ್ಬ, ಏನ್ ವಾಯ್ಸ್ ರೀ ಅದು! ಯಾರು ಅವರು? ನಿಮಗೆ ಗೊತ್ತಾ?"

"ಗೊತ್ತು" ಎಂದೆ. ಆವತ್ತು ನಾನು ಹೊಡೆದದ್ದೆಲ್ಲ ನೆಟ್ಟಿಗೇ ಬಿತ್ತು.

ಅಲ್ಲಿಂದ ಶುರುವಾಯಿತು. ಓದುಗರ ಫೋನ್ ಬರುತ್ತಿತ್ತು, ಅವಳ ನಂಬರು ಕೇಳಲು. ಕೆಳದಿಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಜೊತೆ ಹತ್ತು ನಿಮಿಷ ಮಾತಾಡಿ, ಹತ್ತೂ ನಿಮಿಷ ಅವಳ ಉಚ್ಚಾರವನ್ನೇ ಹೊಗಳಿದರು. ನನ್ನ ಒಂದು ಕಾದಂಬರಿಯನ್ನೂ ಕೊನೆಮುಟ್ಟಿಸದ ನನ್ನ ಗಂಡ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಂಗಳ ಗುಡಿಸುತ್ತ ಇಡೀ ಪುಸ್ತಕ ಕೇಳಿದರು. ಅಂಗಳ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ.

"ನಿನ್ನ ಗೆಳತಿ ಎಷ್ಟು ಚಲೋ ಓದಿದ್ದು ಮಾರಾಯ್ತಿ! ಕತೆಯ ಆ ಅತ್ತೆ ಕಣ್ಣೆದುರಿಗೇ ಬಂದಾಂಗೆ ಆಗ್ತು" ಎಂದರು.

"ಬರೆದದ್ದು ಯಾರು?"

"ಬರದ್ದು ನೀನೇ. ಅಲ್ಲ ಹೇಳಿದ್ಯಾರು?"

ಅವರು ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಮೊದಲಿನಿಂದ ಇನ್ನೊಂದು ಸಲ ಕೇಳುತ್ತಿದ್ದರು.

ನಾನು ಮಾತ್ರ ಕೇಳಿರಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಗೆಳತಿ ಫೋನ್ ಮಾಡಿದರೆ ಹವೆ, ಮಂಡಿನೋವು, ಅವಳ ಮಗಳ ಪರೀಕ್ಷೆ, ಹೀಗೆ ಎಲ್ಲ ಮಾತಾಡಿ ಆಡಿಯೋದ ಸುದ್ದಿ ಬರುವ ಮುಂಚೆ "ಹಾಲು ಉಕ್ತಾ ಇದೆ" ಎಂದು ಫೋನ್ ಇಡುತ್ತಿದ್ದೆ. ಅವಳೂ ಒತ್ತಾಯ ಮಾಡಿ ಕೇಳಲಿಲ್ಲ.

ಹೀಗಿರುವಾಗ ಹೊಸನಗರದ ಒಂದು ಕಾಲೇಜಿನಿಂದ ಸಂವಾದಕ್ಕೆ ಕರೆ ಬಂತು. ಇಬ್ಬರೂ ಬರಬೇಕು, ಬರೆದವರೂ ಓದಿದವರೂ. ಆಮಂತ್ರಣದಲ್ಲಿ ಅವಳ ಫೋಟೋ ನನ್ನ ಫೋಟೋದಷ್ಟೇ ದೊಡ್ಡದಿತ್ತು. ಸ್ಕೇಲು ಇಟ್ಟು ಅಳೆದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅಳೆದೆ.

ಅವಳು ತೀರ್ಥಹಳ್ಳಿಯಿಂದ, ನಾನು ಸಾಗರದಿಂದ ಹೊರಟೆವು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಾರ್ಯಕ್ರಮದಲ್ಲಿ ಯಾರಾದರೂ ಕೇಳಿದರೆ ಎಂಬ ಭಯಕ್ಕೆ, ಮೊದಲ ಸಲ ಆಡಿಯೋ ಹಾಕಿಕೊಂಡೆ. ಪೂರ್ತಿ ಕೇಳುವಷ್ಟು ದಾರಿ ಇರಲಿಲ್ಲವಾದ್ದರಿಂದ ನೇರವಾಗಿ ಕೊನೆಯ ಅಧ್ಯಾಯಕ್ಕೆ ಹೋದೆ.

ಆ ಅಧ್ಯಾಯದ ವಿಷಯ ಹೇಳಬೇಕು. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಮನೆಯೊಂದರ ಸೊಸೆ ಗಂಡ ಸತ್ತ ಮೇಲೆ ನರ್ಸಿಂಗ್ ಕಲಿಯಲು ಹೊರಡುತ್ತಾಳೆ. ಅತ್ತೆಗೆ ಅದು ಇಷ್ಟವಿಲ್ಲ. ಆದರೂ ಹಿನ್ನೀರು ದಾಟಿಸುವ ಲಾಂಚಿನ ದಡದವರೆಗೆ ಬಂದು ನಿಲ್ಲುತ್ತಾಳೆ. ಸೊಸೆ ಲಾಂಚ್ ಹತ್ತುವಾಗ ಅತ್ತೆ ಒಂದೇ ಮಾತು ಹೇಳುತ್ತಾಳೆ, "ಹೋಗದಾದ್ರೆ ಹೋಗು." ನಮ್ಮ ಕಡೆ ಹೊರಟವರಿಗೆ ಯಾರೂ ಬರೀ "ಹೋಗು" ಎನ್ನುವುದಿಲ್ಲ, "ಹೋಗಿ ಬಾ" ಎನ್ನುತ್ತಾರೆ. ಆ "ಬಾ" ಇಲ್ಲದ್ದೇ ನನ್ನ ಕಾದಂಬರಿಯ ಕೊನೆ. ಅದನ್ನು ಬರೆದು, ಹೊಡೆದು, ಮತ್ತೆ ಬರೆದು, ಹನ್ನೊಂದು ದಿನ ಒದ್ದಾಡಿದ್ದೆ.

ಬಸ್ಸು ಬಟ್ಟೆಮಲ್ಲಪ್ಪ ದಾಟಿತ್ತು. ನನ್ನ ಕಿವಿಯಲ್ಲಿ ಗೆಳತಿ ಓದಿದಳು: "ಹೋಗದಾದ್ರೆ ಹೋಗು." ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಬಾ ಮತ್ತೆ."

ನಾನು ಹಿಂದೆ ಹೋಗಿ ಮತ್ತೆ ಕೇಳಿದೆ. ಮೂರು ಸಲ ಕೇಳಿದೆ. ನನ್ನ ಪುಸ್ತಕದಲ್ಲಿ ಇಲ್ಲದ ಮಾತು. ಸಿಟ್ಟಿನಲ್ಲಿ ಕಿವಿ ಬಿಸಿಯಾಯಿತು. ಆದರೆ ಅದಕ್ಕಿಂತ ಕೆಟ್ಟದ್ದು ಏನೆಂದರೆ, ಮೂರೂ ಸಲ ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾನೇ ಬರೆದದ್ದನ್ನು ಓದಿ ನನಗೆ ಯಾವತ್ತೂ ಹಾಗಾಗಿರಲಿಲ್ಲ.

ಸಂವಾದ ಚೆನ್ನಾಗಿಯೇ ನಡೆಯಿತು. ಗೆಳತಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದಳು, ಮೈಕ್ ಕೊಟ್ಟಾಗಲೆಲ್ಲ ಅದನ್ನು ನನ್ನ ಕಡೆಗೇ ತಳ್ಳುತ್ತಿದ್ದಳು. ಕೊನೆಗೆ ಬಿ.ಎ. ಓದುವ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ಕೊನೆಯಲ್ಲಿ ಅತ್ತೆ 'ಬಾ ಮತ್ತೆ' ಅಂತಾರಲ್ಲ, ಅದನ್ನ ಕೇಳಿ ನಾನು ಅತ್ತುಬಿಟ್ಟೆ. ಅಷ್ಟು ಹೊತ್ತು ಗಟ್ಟಿ ಇದ್ದೋರು ಒಂದೇ ಮಾತಲ್ಲಿ ಕರಗ್ತಾರೆ. ಅದು ನಿಮಗೆ ಹೇಗೆ ಹೊಳೀತು?"

ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಗೆಳತಿ ಅಲ್ಲಾಡದೆ ಕೂತಿದ್ದಳು. ಇವರು ಸೇರಿಸಿದ್ದು ಎಂದು ಹೇಳಲು ಎರಡೇ ಪದ ಸಾಕಿತ್ತು. ನಾನು ಮೈಕ್ ಎತ್ತಿಕೊಂಡು, "ಕೆಲವು ಮಾತು ತಾನಾಗೇ ಬರ್ತದೆ" ಎಂದೆ.

ಮತ್ತೆ ಚಪ್ಪಾಳೆ. ಅವಳು ನನ್ನ ಕಡೆ ಒಮ್ಮೆ ನೋಡಿ, ಬಾಟಲಿ ಎತ್ತಿ ನೀರು ಕುಡಿದಳು.

ಊಟಕ್ಕೆ ಕೂತಾಗ ಅವಳು ಏನಾದರೂ ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಪಾಯಸ ಚೆನ್ನಾಗಿದೆ ಎಂದಳು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಸೀಟು ಹಿಡಿದುಕೊಟ್ಟು, ತನ್ನ ಬಸ್ಸಿಗೆ ಹೋದಳು. ಅವಳು ಜಗಳ ಆಡಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು, ನೀನು ನನ್ನ ವಾಕ್ಯ ಮುಟ್ಟಿದ್ದೇಕೆ ಎಂದು ನಾನೂ ಕೂಗಬಹುದಿತ್ತು. ಮುಂದಿನ ಒಂದು ವಾರ ಹೊಸ ಕಾದಂಬರಿಯ ಆರನೇ ಅಧ್ಯಾಯ ಒಂದು ಸಾಲೂ ಮುಂದೆ ಹೋಗಲಿಲ್ಲ. ಶಟಲ್ ಆಡಲೂ ಹೋಗಲಿಲ್ಲ.

"ಎಂತಕ್ಕೆ ಮಾತೇ ಇಲ್ಲೆ?" ಎಂದರು ಗಂಡ.

ಭಾನುವಾರ ತೀರ್ಥಹಳ್ಳಿಗೆ ಹೊರಟೆ.

ಅವಳ ಹೊಲಿಗೆ ಕ್ಲಾಸಿಗೆ ರಜೆ. ಮೆಷಿನ್‌ಗಳಿಗೆಲ್ಲ ಬಟ್ಟೆ ಹೊದಿಸಿತ್ತು. ಅವಳು ನೆಲದ ಮೇಲೆ ಕೂತು ಬ್ಲೌಸ್ ಪೀಸಿಗೆ ಚಾಕ್‌ನಲ್ಲಿ ಗೆರೆ ಹಾಕುತ್ತಿದ್ದಳು. ನನ್ನನ್ನು ನೋಡಿ, "ಇದೇನೇ, ಫೋನೂ ಮಾಡ್ದೆ ಬಂದ್ಯಲ್ಲ! ಕೂತ್ಕೋ, ಅಕ್ಕಿ ರೊಟ್ಟಿ ತಟ್ತೀನಿ" ಎಂದಳು.

"ರೊಟ್ಟಿ ಆಮೇಲೆ. 'ಬಾ ಮತ್ತೆ' ಅಂತ ಯಾಕೆ ಸೇರಿಸ್ದೆ?"

ಅವಳ ಮುಖ ಕೆಂಪಾಯಿತು. ಚಾಕ್ ಕೆಳಗಿಟ್ಟಳು.

"ಸೇರಿಸ್ದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೆ. ಬಾಯಿಗೆ ಬಂದುಬಿಟ್ಟಿದೆ. ಆವತ್ತು ಆ ಹುಡುಗಿ ಎದ್ದು ಹೇಳಿದಾಗ ಎದೆ ಧಸಕ್ ಅಂತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದ್ರೆ ಇಲ್ಲ. ಎಂಥಾ ತಪ್ಪು ಮಾಡ್ದೆ ಅಂತ ಅನ್ನಿಸ್ತು. ನೀನು ಅಷ್ಟು ಜನರ ಎದುರಿಗೆ ಆ ಮಾತು ನಿಂದೇ ಅನ್ನೋ ಹಾಗೆ ಹೇಳಿ ನನ್ನ ಮರ್ಯಾದೆ ಉಳಿಸ್ದೆ. ಥ್ಯಾಂಕ್ಸ್ ಹೇಳಕ್ಕೂ ಮುಖ ಇರ್ಲಿಲ್ಲ ನಂಗೆ."

ಸುಮ್ಮನಿದ್ದುಬಿಡಬಹುದಿತ್ತು. ರೊಟ್ಟಿ ತಿಂದು, ಒಳ್ಳೆಯವಳಾಗಿ ಸಾಗರಕ್ಕೆ ವಾಪಸು ಬರಬಹುದಿತ್ತು. ಒಂದು ನಿಮಿಷ ಹಾಗೇ ಮಾಡೋಣ ಎಂದೂ ಅನ್ನಿಸಿತು.

"ನಾನು ನಿನ್ನ ಮರ್ಯಾದೆ ಉಳಿಸಿದ್ದಲ್ಲ" ಎಂದೆ. "ಎಲ್ರೂ ನಿನ್ನನ್ನೇ ಹೊಗಳ್ತಿದ್ರು. ನಂಗೆ ಹೊಟ್ಟೆ ಉರೀತಿತ್ತು. ಚಪ್ಪಾಳೆ ನಂಗೆ ಬರ್ಲಿ ಅಂತ ಹೇಳ್ದೆ."

ಅವಳು ಕೈಯ ಚಾಕ್ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಬೈಯುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಅದಿರ್ಲಿ" ಎಂದಳು. "ನಾನು ಓದಿದ್ದು ನಿಂಗೆ ಹ್ಯಾಗನ್ನಿಸ್ತು? ಊರವರೆಲ್ಲ ಹೇಳಿದ್ರು. ನೀನೊಬ್ಳೇ ಇವತ್ತಿನವರೆಗೂ ಒಂದ್ ಮಾತು ಹೇಳ್ಲಿಲ್ಲ. ನಿಂಗೆ ಇಷ್ಟ ಆಗ್ಲಿಲ್ಲ ಅಂತಾನೇ ಅಂದ್ಕೊಂಡಿದೀನಿ."

ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಬಸ್ಸಿನಲ್ಲಿ ಮೂರು ಸಲ ಕೇಳಿದ್ದು, ಮೂರೂ ಸಲ ಕಣ್ಣೊರೆಸಿಕೊಂಡದ್ದು, ಎಲ್ಲ ಹೇಳಿದೆ. ಉಳಿದ ಅಧ್ಯಾಯ ಇನ್ನೂ ಕೇಳಿಲ್ಲ ಎಂದಾಗ ಮಾತ್ರ ಅವಳಿಗೆ ಸಿಟ್ಟು ಬಂತು. "ಹದಿನೆಂಟು ದಿನ ಬಸ್ಸಲ್ಲಿ ಓಡಾಡಿದೀನಿ ಮಾರಾಯ್ತಿ!" ಎಂದು ಚಾಕ್ ಎತ್ತಿ ನನ್ನ ಮೇಲೆ ಎಸೆದಳು. ರೊಟ್ಟಿ ತಟ್ಟುವಾಗಲೂ ಗೊಣಗುತ್ತಲೇ ಇದ್ದಳು. ಮಧ್ಯಾಹ್ನವಿಡೀ ಅವಳ ಎದುರಿಗೆ ಕೂತು ಮೊದಲ ನಾಲ್ಕು ಅಧ್ಯಾಯ ಕೇಳಿಸಿಕೊಂಡೆ. ಎರಡು ಕಡೆ ಅವಳು ಅವಸರ ಮಾಡಿದ್ದಾಳೆ. ಅದನ್ನು ಹೇಳಿದೆ. ಹೇಳುವಾಗ ಸ್ವಲ್ಪ ಸಂತೋಷವೂ ಆಯಿತು.

ಈ ವರ್ಷ ಪುಸ್ತಕದ ಎರಡನೇ ಮುದ್ರಣ ಬಂತು. ಆಡಿಯೋದಿಂದಲೇ ಬಂತು, ಅದು ನನಗೆ ಗೊತ್ತು. ಕೊನೆಗೆ 'ಬಾ ಮತ್ತೆ' ಸೇರಿಸೋಣವೇ ಎಂದು ಪ್ರಕಾಶಕರು ಕೇಳಿದರು. ಎರಡು ದಿನ ಯೋಚಿಸಿ ಬೇಡ ಎಂದೆ. ನಾನು ಬರೆದ ಅತ್ತೆ ಅದನ್ನು ಹೇಳುವವಳಲ್ಲ, ಗೆಳತಿ ಓದಿದ ಅತ್ತೆ ಹೇಳುತ್ತಾಳೆ. ಮುನ್ನುಡಿಯಲ್ಲಿ ಮಾತ್ರ ಆ ಮಾತು ಯಾರದು, ಹೊಸನಗರದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆದೆ. ದಂತವೈದ್ಯೆ ಅದನ್ನು ಓದಿ, "ಇದನ್ನೆಲ್ಲ ಯಾಕ್ ಬರೀಬೇಕಿತ್ತು ಮೇಡಂ?" ಎಂದರು. ಪುಸ್ತಕ ತೆರೆದಿದ್ದಾರೆ ಎಂಬುದೇ ನನಗೆ ದೊಡ್ಡ ಸುದ್ದಿಯಾಯಿತು.

ಇಷ್ಟಕ್ಕೆ ನನ್ನ ಹೊಟ್ಟೆಕಿಚ್ಚು ಮುಗಿಯಿತು ಎಂದು ನಂಬಿದ್ದೆ. ಕಳೆದ ವಾರ ಗೆಳತಿ ಫೋನ್ ಮಾಡಿದಳು. ಅದೇ ಕಂಪನಿಯವರು ಬಯಲುಸೀಮೆಯ ಒಬ್ಬ ಹೊಸ ಕಾದಂಬರಿಕಾರನ ಪುಸ್ತಕ ಓದಲು ಅವಳನ್ನು ಕರೆದಿದ್ದಾರೆ. ಆ ಕಡೆಯ ಮಾತು ಅವಳಿಗೆ ಬರುವುದಿಲ್ಲ, ಕಲಿಯುತ್ತಿದ್ದಾಳಂತೆ.

"ಎಷ್ಟ್ ಚೆನ್ನಾಗಿ ಬರ್ದಿದಾನೆ ಗೊತ್ತಾ? ನಿಂಗೊಂದು ಪುಟ ಓದಿ ಹೇಳ್ಲಾ?"

ಜನ ನನ್ನ ಪುಸ್ತಕ ಬಿಟ್ಟು ಅವಳ ದನಿ ಮೆಚ್ಚಿದಾಗ ಉರಿದದ್ದು ಒಂದು ಬಗೆ. ಆ ದನಿ ಇನ್ನೊಬ್ಬನ ಪುಸ್ತಕಕ್ಕೆ ಹೋಗುತ್ತಿದೆ ಎಂದಾಗ ಉರಿದದ್ದು ಅದರ ಎರಡರಷ್ಟು. ಒಲೆಯ ಮೇಲೆ ಹಾಲಿತ್ತು, ಉಕ್ಕುತ್ತಿರಲಿಲ್ಲ.

"ಓದು" ಎಂದೆ.

ಅವಳು ಒಂದು ಪುಟ ಎಂದು ಶುರು ಮಾಡಿ ಐದು ಪುಟ ಓದಿದಳು. ನಡುವೆ ಎರಡು ಸಲ ಬಯಲುಸೀಮೆಯ ಮಾತಿಗೆ ನಾಲಿಗೆ ತಡವರಿಸಿತು, ನಿಲ್ಲಿಸಿ ಮತ್ತೆ ಓದಿದಳು. ಪುಸ್ತಕ ಚೆನ್ನಾಗಿಯೇ ಇತ್ತು. ಅದನ್ನು ಆ ಕೂಡಲೇ ಅವಳಿಗೆ ಹೇಳಿದೆ, ಈ ಸಲ ತಡ ಮಾಡಲಿಲ್ಲ. ಆ ಹುಡುಗನ ಹೆಸರನ್ನು ಮಾತ್ರ ಕೇಳಲಿಲ್ಲ.