ಗರಿ ಕುಯ್ಯದ ಕಬ್ಬಿನ ಗದ್ದೆ

ಕಾರ್ಖಾನೆ ಕಬ್ಬು ಅರೆಯುವ ತಿಂಗಳುಗಳಲ್ಲಿ, ಸಂಜೆ ಮಂಡ್ಯದಿಂದ ಭಾರತೀನಗರಕ್ಕೆ ಬರುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತದೆ. ಬೇರೆಯವರು ಗೊಣಗುತ್ತಾರೆ, ನಾನು ಪುಸ್ತಕ ತೆರೆಯುತ್ತೇನೆ. ಈ ಸಲ ಹಾಗೆ ಒಂದನ್ನು ಮುಗಿಸಿದೆ, ಒಂದನ್ನು ನಡುವೆಯೇ ಬಿಟ್ಟೆ.

ಮುಗಿಸಿದ್ದು ಮೀನುಗಾರರ ಮನೆಯೊಂದರ ಕತೆ. ನಾನು ಸಮುದ್ರ ಕಂಡವಳಲ್ಲ. ಆದರೆ ಮದುವೆಗೆ ಹೊರಟ ಹೆಂಗಸಿನ ಮೊಣಕೈಗೆ ಮೀನಿನ ಹುರುಪೆಯೊಂದು ಅಂಟಿಕೊಂಡೇ ಇತ್ತು ಎಂದು ಓದಿದ ಮೇಲೆ, ಆ ಲೇಖಕಿ ಹೇಳಿದ್ದನ್ನೆಲ್ಲ ನಂಬಿದೆ.

ಬಿಟ್ಟದ್ದು ಎಲ್ಲರೂ ಹೊಗಳುವ ದಪ್ಪ ಕಾದಂಬರಿ. ಅದರಲ್ಲಿ ಪ್ರೇಮಿಗಳಿಬ್ಬರು ಬೆಳೆದುನಿಂತ ಕಬ್ಬಿನ ಗದ್ದೆಯೊಳಗೆ ಕೈಕೈ ಹಿಡಿದು ಓಡಿ, ಮೈಮೇಲೆ ಒಂದು ಗೀರೂ ಇಲ್ಲದೆ ನಗುತ್ತ ಆಚೆಗೆ ಬರುತ್ತಾರೆ. ಅಲ್ಲಿಗೇ ಮುಚ್ಚಿಟ್ಟೆ. ಕಬ್ಬಿನ ಗರಿ ಕುಯ್ಯುತ್ತದೆಂದು ಗೊತ್ತಿಲ್ಲದವನು ಮುಂದೆ ವಿರಹದ ಬಗ್ಗೆ ನನಗೇನು ಹೇಳಿಯಾನು?

ಆ ಪುಸ್ತಕ ಕೊಟ್ಟಿದ್ದ ಗೆಳತಿ ಪಕ್ಕದಲ್ಲೇ ಕೂತಿದ್ದಳು. ಪೇಟೆಯಲ್ಲಿ ಬೆಳೆದು ನಮ್ಮೂರಿಗೆ ಸೊಸೆಯಾಗಿ ಬಂದವಳು. “ಅದು ಕತೆ ಕಣಮ್ಮ. ಅಷ್ಟಕ್ಕೆಲ್ಲ ಯಾಕ್ ಬುಟ್ಬುಟ್ಟೆ?” ಎಂದು ರೇಗಿದಳು.

ಅಷ್ಟರಲ್ಲಿ ಬಸ್ಸು ಟ್ರ್ಯಾಕ್ಟರೊಂದರ ಪಕ್ಕಕ್ಕೆ ಬಂದು ನಿಂತಿತು. ಹೀಗೆ ನಿಂತಾಗ ಕಿಟಕಿಯಿಂದ ಕೈ ಚಾಚಿ ಒಂದು ಜಲ್ಲೆ ಎಳೆದುಕೊಂಡರೆ ನಮ್ಮ ಕಡೆ ಯಾರೂ ಕಳ್ಳತನ ಎನ್ನುವುದಿಲ್ಲ. ಅವಳೂ ಕೈ ಚಾಚಿದಳು. ಜಲ್ಲೆಯ ಬದಲು ಹೊರೆಗೆ ಹಗ್ಗದಂತೆ ಕಟ್ಟಿದ್ದ ಹಸಿ ಗರಿ ಕೈಗೆ ಸಿಕ್ಕಿತು. ಅದನ್ನೇ ಜೋರಾಗಿ ಎಳೆದಳು. “ಅಯ್ಯಪ್ಪಾ!” ಎಂದು ಬೆರಳನ್ನು ಬಾಯಿಗಿಟ್ಟುಕೊಂಡಳು.

“ಅವ್ರಿಬ್ರೂ ನಕ್ಕಂಡು ಬತ್ತಾರಲ್ಲ, ಆ ಪುಟ ತೆಗ್ದು ಕೊಡ್ಲಾ?” ಎಂದೆ.